ಅಂಗಡಿಯಲ್ಲಿ ಮಾತ್ರ ಚಾಲೂ

"ಚಾಲೂ ಐತಲ್ರಿ!"

ರಿಪೇರಿ ಅಂಗಡಿಯ ಕಾಡಸಿದ್ದ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಪರದೆ ಬೆಳಗಿತ್ತು. ನಾನು ಅರ್ಧ ಬಿಡಿಸಿಟ್ಟಿದ್ದ ಸೀರೆ ಅಂಚಿನ ಡಿಸೈನು, ಅದರ ಮೇಲಿನ ಹಸಿರು ಗಿಳಿಗಳು, ಏನೂ ಆಗಿಯೇ ಇಲ್ಲವೆಂಬಂತೆ ಕೂತಿದ್ದವು.

"ಮನ್ಯಾಗ ಆಗಲಿಲ್ರಿ," ಎಂದೆ. "ಮುಂಜಾನಿಂದ ಇಪ್ಪತ್ತು ಸಲ ಒತ್ತೀನಿ. ಲೈಟ್ ಬರತೈತಿ, ಹೋಗತೈತಿ. ಸ್ಕ್ರೀನ್ ಕರ್ರಗ."

"ನಾ ಒಂದ ಸಲ ಒತ್ತೀನ್ರಿ."

ಅವನ ತುಟಿ ನಗಲಿಲ್ಲ. ಹಣೆಗೆ ಕಟ್ಟಿಕೊಂಡ ಭೂತಗನ್ನಡಿಯ ಕೆಳಗೆ ಕಣ್ಣು ನಕ್ಕಿತೋ ಇಲ್ಲವೋ, ನನಗೆ ತಿಳಿಯಲಿಲ್ಲ. ತಿಳಿಯದೇ ಹೋದದ್ದನ್ನು ಸಂಜೆಯವರೆಗೂ ಯೋಚಿಸುತ್ತಿದ್ದೆ.

ಆದರೂ ಅವನು ತಳ ಬಿಚ್ಚಿದ. ಪುಟ್ಟ ಸ್ಕ್ರೂಗಳನ್ನು ಸ್ಟೀಲಿನ ವಾಟಿಯಲ್ಲಿ ಹಾಕಿಟ್ಟು, ರ‍್ಯಾಮ್ ಪಟ್ಟಿಯನ್ನು ಹೊರಗೆ ತೆಗೆದು, ಶಾಲೆಯ ಮಕ್ಕಳ ರಬ್ಬರಿನಿಂದ ಅದರ ಹೊಳೆಯುವ ಹಲ್ಲುಗಳನ್ನು ತಿಕ್ಕಿದ. ಇಷ್ಟು ಮೆತ್ತಗೆ ಯಾರಾದರೂ ಏನನ್ನಾದರೂ ತಿಕ್ಕುವುದನ್ನು ನಾನು ನೋಡಿರಲಿಲ್ಲ.

ಮನೆಗೆ ಬಂದು ಎಂದಿನಂತೆ ಎಡಗೈಯನ್ನು ಕೀಬೋರ್ಡಿನ ಮುಂದಿನ ಜಾಗದಲ್ಲಿ ಊರಿ, ಬಲಗೈಯಿಂದ ಬಟನ್ ಒತ್ತಿದೆ. ಲೈಟ್ ಬಂತು. ಹೋಯಿತು.

"ಮತ್ತೇನಾತು ಅದಕ್ಕ?" ಅವ್ವ ಅಡುಗೆಮನೆಯಿಂದ ಕೇಳಿದಳು.

"ತಿಳೀವಲ್ದವಾ."

"ನಿನಗ ಏನ ತಿಳಿತೈತಿ? ಐತವಾರಕ್ಕ ಏನ ಹೇಳೂದು ಅನ್ನೂದರ ತಿಳೀತೋ ಇಲ್ಲೋ?"

ಅದೂ ತಿಳಿದಿರಲಿಲ್ಲ. ಹಿಂದಿನ ದಿನ, ಐತವಾರವಷ್ಟೇ, ಬೆಳ್ಳಿ ಕೆಲಸದ ಊರು ಹುಪರಿಯಿಂದ ಧನರಾಜನ ಮನೆಯವರು ನನ್ನನ್ನು ನೋಡಲು ಬಂದಿದ್ದರು. ಹೋಗುವಾಗ ಅವನ ತಾಯಿ ತಮ್ಮದೇ ಕಾರಖಾನೆಯ ಬೆಳ್ಳಿಯ ಬ್ರೇಸ್ಲೆಟನ್ನು ನನ್ನ ಎಡಗೈಗೆ ತೊಡಿಸಿದರು. "ಹೊಸಾ ನಮೂನಿ ಐತಿ ಪ್ರಣಿತಾ. ಕೊಂಡಿ ಇಲ್ಲ, ಸ್ಕ್ರೂ ಇಲ್ಲ, ತಾನ ಹತ್ತಕೋತೈತಿ." ಟಕ್ ಎಂದು ಹತ್ತಿಕೊಂಡಿತು. ಒಪ್ಪಿಗೆಯಾದರೆ ನನ್ನದು, ಇಲ್ಲವಾದರೆ ಬರುವ ಐತವಾರ ಹಿಂದಕ್ಕೆ. ಅಲ್ಲಿಯವರೆಗೆ ತೆಗೆಯಬಾರದೆಂದು ಅವ್ವನ ಆಜ್ಞೆ.

ಧನರಾಜ ಒಳ್ಳೆಯವನು. ನನ್ನ ಕಷ್ಟವೂ ಅದೇ. ಎಷ್ಟು ಹುಡುಕಿದರೂ ಬೇಡ ಎನ್ನಲು ಒಂದು ಕಾರಣ ಸಿಗಲಿಲ್ಲ. ಹೌದು ಎನ್ನಲು ಬಾಯಿಯೂ ಬರಲಿಲ್ಲ.

ಬುಧವಾರ ಮತ್ತೆ ಹೋದೆ. ಅವನು ಒತ್ತಿದ. ಚಾಲೂ ಆಯಿತು.

"ನಿಮ್ಮ ಲ್ಯಾಪ್‌ಟಾಪಿಗೆ ನಮ್ಮ ಅಂಗಡಿ ಭಾಳ ಹಿಡಿಸೇತಿ ನೋಡ್ರಿ."

ಕಿವಿ ಬಿಸಿಯಾಯಿತು. ನೆಪ ಮಾಡಿಕೊಂಡು ಬರುತ್ತಿದ್ದೇನೆ ಅಂದುಕೊಂಡನೇ? ಅಂದುಕೊಂಡರೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟೇ ಎಂದು ಖಾತ್ರಿಯಾಗಿ ಹೇಳಲಾರೆ.

ಅವನು ಫ್ಯಾನಿನೊಳಗಿಂದ ಚಿಮಟಿಯಲ್ಲಿ ಹತ್ತಿಯ ಎಳೆ ಎಳೆದು ಬೆಳಕಿಗೆ ಹಿಡಿದ. "ನೀಲಿ. ನಿಮ್ಮ ಓಣ್ಯಾಗ ಈಗ ನೀಲಿ ನೂಲು ನಡದೈತಿ. ಹೋದ ತಿಂಗಳಾ ಕೆಂಪಿತ್ತು, ಹೌದಿಲ್ರಿ?"

"ಹೌದ್ರಿ! ಹೆಂಗ ಗೊತ್ತಾತು?"

"ಕೆಳಗಿನ ಪದರಾ ಕೆಂಪೈತ್ರಿ."

ಇಚಲಕರಂಜಿಯಲ್ಲಿ ಮಗ್ಗದ ಸದ್ದು ಇಲ್ಲದ ಓಣಿಯಿಲ್ಲ. ಆದರೆ ನನ್ನ ಓಣಿಯ ಗಾಳಿಯ ಬಣ್ಣವನ್ನು ಯಾರೂ ಹೀಗೆ ಓದಿರಲಿಲ್ಲ. ಕೌಂಟರಿನ ಮೇಲೆ ಗಲ್ಲಕ್ಕೆ ಕೈ ಊರಿಕೊಂಡು ನೋಡುತ್ತಾ ನಿಂತೆ. ತಳ ಮುಚ್ಚುವಾಗ ಅವನು ವಾಟಿಯಲ್ಲಿ ಬೆರಳಾಡಿಸಿದ. ಕೆಳಗೆ ಬಗ್ಗಿ ಹುಡುಕಿದ.

"ಸೋಮಾರ ಒಂದ ಸ್ಕ್ರೂ ಹೋತು. ಇವತ್ತ ಇನ್ನೊಂದು. ನೀವ ಬಂದಾಗ ಒಂದೊಂದ ಮಾಯ ಆಗತಾವ್ರಿ."

"ನಾ ಕಳ್ಳಿ ಅಂತೀರೇನ್ರಿ?"

"ಇನ್ನೂ ಅಂದಿಲ್ರಿ."

ಆಗಲೇ ಪಕ್ಕದ ಅಂಗಡಿಯಲ್ಲಿ ಸೀರೆಗೆ ಪಿಕೋ ಫಾಲ್ ಹೊಲಿಯುವ ಯಮುನವ್ವ ಚಹಾ ತಂದಿಟ್ಟು, ನನ್ನ ಮಣಿಕಟ್ಟು ಹಿಡಿದಳು. "ಅಗಬಾಯಿ! ಹುಪರಿ ಬೆಳ್ಳಿ. ಲಗ್ನ ಕೂಡೇತೇನವಾ?"

ಇಲ್ಲ ಎಂದರೆ ಸುಳ್ಳಾಗುತ್ತಿತ್ತೇ? ಹೌದು ಎಂದರೆ? ಸರಿಯಾದ ಮಾತು ಹುಡುಕುವಷ್ಟರಲ್ಲಿ ಹೊತ್ತು ಮೀರಿತು. ಸುಮ್ಮನೆ ನಕ್ಕೆ. ಕಾಡಸಿದ್ದನ ಸ್ಕ್ರೂಡ್ರೈವರ್ ಒಂದು ಕ್ಷಣ ನಿಂತು, ಮತ್ತೆ ತಿರುಗಿತು.

ಶುಕ್ರವಾರ ಅವನು ನನ್ನನ್ನು ಮ್ಯಾಡಂ ಎಂದ.

"ಮ್ಯಾಡಂ, ನನ್ನ ಕೈಯಾಗ ಇದರ ತಪ್ಪು ಸಿಗವಲ್ತು. ಕೊಲ್ಹಾಪುರದಾಗ ದೊಡ್ಡ ಸರ್ವಿಸ್ ಸೆಂಟರ್ ಐತಿ, ಅಲ್ಲೆ ತೋರಸ್ರಿ."

ಭೂತಗನ್ನಡಿಯನ್ನೂ ಕಟ್ಟಿಕೊಂಡಿರಲಿಲ್ಲ. ಮುಖ ಪೂರ್ತಿ ಕಾಣುತ್ತಿತ್ತು, ಆದರೆ ಅದು ನನ್ನ ಕಡೆಗಿರಲಿಲ್ಲ. ಎರಡು ದಿನದಲ್ಲಿ ನಾನೇನು ತಪ್ಪು ಮಾಡಿದೆ?

"ನಾ ಸುಳ್ಳ ಹೇಳಾಕತ್ತಿಲ್ರಿ," ಎಂದೆ. "ಖರೇನ ಮನ್ಯಾಗ ಚಾಲೂ ಆಗೂದಿಲ್ಲ."

ಈಗ ತಿರುಗಿ ನೋಡಿದ. "ಸುಳ್ಳಂತ ನಾ ಯಾವಾಗ ಅಂದೆ?" ಈಗಷ್ಟೇ ತಾನು ಒತ್ತಿ ಚಾಲೂ ಮಾಡಿದ್ದನ್ನು ಬಂದ್ ಮಾಡಿ, ಲ್ಯಾಪ್‌ಟಾಪನ್ನು ನನ್ನ ಮುಂದಕ್ಕೆ ಸರಿಸಿದ. "ಮೂರೂ ಸಲ ನಾನ ಒತ್ತೀನಿ. ಈಗ ನೀವ ಒತ್ರಿ. ಮನ್ಯಾಗ ಹೆಂಗ ಒತ್ತತೀರೋ ಹಂಗ."

ಎಡಗೈ ಊರಿದೆ. ಬಲಗೈಯಿಂದ ಒತ್ತಿದೆ. ಲೈಟ್ ಬಂತು. ಹೋಯಿತು. ಕತ್ತಲೆ ಪರದೆಯಲ್ಲಿ ನಮ್ಮಿಬ್ಬರ ಮುಖಗಳು ಅಕ್ಕಪಕ್ಕ ಕಂಡವು.

ಅವನು ಒತ್ತಿದ. ಗಿಳಿಗಳು ಬಂದವು. ನಾನು ಕೈ ಊರಿದೆ. ಹೋದವು.

"ಕೈ ಎತ್ರಿ," ಎಂದ. "ಇಲ್ಲ, ಎಡಗೈ. ಹಂಗ ತಡೀರಿ."

ವಾಟಿಯನ್ನು ನನ್ನ ಮಣಿಕಟ್ಟಿನ ಕೆಳಗೆ ತಂದ. ಒಂದು ಸ್ಕ್ರೂ ಅಲುಗಿತು. ಎದ್ದು ನಿಂತಿತು. ಟಕ್ ಎಂದು ಬ್ರೇಸ್ಲೆಟಿಗೆ ಹಾರಿ ಅಂಟಿಕೊಂಡಿತು.

"ಕಳ್ಳಿ," ಎಂದ ಮೆಲ್ಲಗೆ. ನಮ್ಮಿಬ್ಬರಿಗೂ ನಗು ಬಂತು.

"ಮ್ಯಾಗ್ನೆಟ್ ಐತ್ರಿ ಇದರಾಗ. ಮುಚ್ಚಳ ಮುಚ್ಚೇತೋ ತೆರದೈತೋ ತಿಳೀಲಿ ಅಂತ ಲ್ಯಾಪ್‌ಟಾಪಿನ ಒಳಗ ಒಂದು ಸೆನ್ಸಾರ್ ಇರತೈತಿ. ಮ್ಯಾಗ್ನೆಟ್ ಹತ್ರ ಬಂದ್ರ, ಮುಚ್ಚಿದ್ರು ಅಂತ ತಿಳಕೊಂಡು ಮಲಗತೈತಿ. ತಪ್ಪು ಇದರದಲ್ಲ."

ನಾನು ಬ್ರೇಸ್ಲೆಟ್ ಬಿಚ್ಚಿದೆ. ಐದು ದಿನಗಳಲ್ಲಿ ಮೊದಲ ಸಲ. ಮಣಿಕಟ್ಟಿನ ಮೇಲೆ ಕೆಂಪು ಗೆರೆ ಮೂಡಿತ್ತು. ಕೈ ಊರಿ ಒತ್ತಿದೆ. ಗಿಳಿಗಳು ಬಂದವು, ಹೋಗಲಿಲ್ಲ.

"ಕೆಲಸ ಮಾಡೂಮುಂದ ತಗದಿಡ್ರಿ," ಎಂದ, ಕಣ್ಣು ತಗ್ಗಿಸಿ. "ಮುಗದ ಮ್ಯಾಲ ಹಾಕ್ಕೋರಿ. ಅವರ ಮನೀದು."

"ಇನ್ನೂ ಅವರ ಮನೀಗೆ ಉತ್ತರಾ ಹೇಳಿಲ್ರಿ."

ತಲೆ ಎತ್ತಿದ. ಬ್ರೇಸ್ಲೆಟನ್ನು ಪರ್ಸಿನಲ್ಲಿ ಹಾಕಿಕೊಂಡು ಹೊರಟೆ.

ಆ ಸಂಜೆ ಮನೆಯಲ್ಲಿ ಲ್ಯಾಪ್‌ಟಾಪ್ ಮೊದಲ ಒತ್ತಿಗೇ ಚಾಲೂ ಆಯಿತು. ಖುಷಿಯಾಗಬೇಕಿತ್ತು. ಇನ್ನು ಆ ಅಂಗಡಿಗೆ ಹೋಗಲು ಕಾರಣವೇ ಉಳಿಯಲಿಲ್ಲವಲ್ಲ ಎಂದು ಎದೆ ಧಸಕ್ಕೆಂದಿತು. ಆಗ ತಿಳಿಯಿತು. ಧನರಾಜನಿಗೆ ಬೇಡ ಎನ್ನಲು ವಾರವಿಡೀ ಹುಡುಕಿದ್ದ ಕಾರಣ ಅದೇ.

ಐತವಾರ ಬ್ರೇಸ್ಲೆಟನ್ನು ಒರೆಸಿ ಅವ್ವನ ಕೈಗಿತ್ತೆ. "ಹಿಂದಕ್ಕ ಕೊಡೂಣವಾ. ಧನರಾಜ ಅವರದೇನೂ ತಪ್ಪಿಲ್ಲ ಅಂತ ಚಲೋತ್ನಾಗ ಹೇಳು."

"ಮತ್ತ ಯಾರದ ತಪ್ಪು?"

"ಯಾರದೂ ಅಲ್ಲ."

ಅವ್ವ ಬೈಯಲಿಲ್ಲ. ಬ್ರೇಸ್ಲೆಟನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ಒಬ್ಬಳೇ ಹುಪರಿಯ ಬಸ್ಸಿಗೆ ಹೋದಳು.

ಸೋಮವಾರ ಅಂಗಡಿಯ ಮೆಟ್ಟಿಲೇರಿದಾಗ ಕಾಡಸಿದ್ದ ಗಡಬಡಿಸಿ ಎದ್ದ.

"ಮತ್ತ ಬಂದ್ ಆತೇನ್ರಿ?"

"ಇಲ್ರಿ. ಮನ್ಯಾಗ ಐತಿ. ಚಾಲೂ ಐತಿ."

ಅವನು ನನ್ನ ಹೆಗಲು ನೋಡಿದ. ಬ್ಯಾಗಿರಲಿಲ್ಲ. ಎಡಗೈ ನೋಡಿದ. ಅಲ್ಲಿಯೂ ಏನಿರಲಿಲ್ಲ.

"ಮತ್ತ... ಏನ ತಂದೀರಿ?"

ದಾರಿಯುದ್ದಕ್ಕೂ ನಾಲ್ಕು ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ.

"ಏನೂ ತಂದಿಲ್ರಿ. ನಾನ ಬಂದೀನಿ."

ಅವನು ಭೂತಗನ್ನಡಿ ತೆಗೆದ. ಆ ಕಣ್ಣುಗಳು ನಗುತ್ತಿದ್ದವು. ಈ ಸಲ ನನಗೆ ಅನುಮಾನವಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಹೊಲಿಗೆ ಮಷಿನ್ ನಿಂತಿತು.

"ಏ ಕಾಡಸಿದ್ದಾ," ಗೋಡೆಯಾಚೆಯಿಂದ ಯಮುನವ್ವ ಕೂಗಿದಳು, "ಆ ಹುಡಿಗಿಗೆ ಕುಂಡ್ರಾಕ ಸ್ಟೂಲ್ ಕೊಡೋ!"

ಅವನು ಸ್ಟೂಲಿನ ಮೇಲಿನ ನೀಲಿ ಹತ್ತಿಯನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದ. ಎರಡು ಸಲ ಒರೆಸಿದ.