ಬೋಳನ ಚಕ್ರದೋಣಿ

ಬಹಳ ಹಿಂದೆ, ಗಿಳಿಗಳು ಊರಿಂದೂರಿಗೆ ಸುದ್ದಿ ಒಯ್ಯುತ್ತಿದ್ದ ಕಾಲದಲ್ಲಿ, ಅಲೆನಾಡು ಎಂಬ ರಾಜ್ಯವಿತ್ತು. ಅಲ್ಲಿ ಹೊಳೆಯೇ ದಾರಿ. ಕೆಳಗಿನೂರಿನ ಉಪ್ಪು ದೋಣಿಯಲ್ಲೇ ಮೇಲಿನೂರಿಗೆ ಹೋಗಬೇಕು. ಆದರೆ ನಡುಹೊಳೆಯ ಬಂಡೆಯ ಮೇಲೆ ಧೂಮಕನೆಂಬ ಮಾಟಗಾರ ಬಂದು ಕುಳಿತ. ಅವನ ಮಾಯಾರೂಪಗಳನ್ನು ಕಂಡರೆ ಅಂಬಿಗರು ಹೆದರಿ ಹುಟ್ಟು ಕೈಬಿಡುತ್ತಿದ್ದರು. ಸೆಳವು ದೋಣಿಯನ್ನು ಹಿಂದಕ್ಕೆ ತಳ್ಳುತ್ತಿತ್ತು.

ಕೆಳಗಿನೂರಿನ ಎಣ್ಣೆಗಾಣದ ಕೆಂಚವ್ವನಿಗೆ ಗಿಳಿ ಕೆಟ್ಟ ಸುದ್ದಿ ತಂದಿತು. ಮೇಲಿನೂರಿನ ಸೊಸೆಯಾದ ಅವಳ ಅಕ್ಕ ಸಾತವ್ವ ತುಂಬು ಬಸುರಿ. ಉಪ್ಪಿಲ್ಲದ ಗಂಜಿ ಸೇರದೆ ಹಾಸಿಗೆ ಹಿಡಿದಿದ್ದಾಳೆ.

"ನಮ್ಮ ಬೋಳ ಉಪ್ಪು ಒಯ್ತಾನೆ," ಎಂದಳು ಕೆಂಚವ್ವ. ಬೋಳ ಅವಳ ಗಾಣದ ಎತ್ತು.

"ಎತ್ತು ಹುಟ್ಟು ಹಾಕ್ತದೇನವ್ವಾ?" ಎಂದು ನಕ್ಕ ಮುದಿ ಅಂಬಿಗ ಸಣ್ಣೀರಜ್ಜ.

"ಹುಟ್ಟು ಯಾಕಜ್ಜ? ಚಕ್ರ ತಿರುಗಿಸ್ತಾನೆ."

ದೋಣಿಯ ಎರಡೂ ಮಗ್ಗುಲಿಗೆ ಹಲಗೆ ಬಡಿದ ಚಕ್ರ ಕಟ್ಟಿದಳು. ನಡುವೆ ಗಾಣದ ಕಂಬ ನೆಟ್ಟು, ಅದನ್ನು ಚಕ್ರಗಳಿಗೆ ಜೋಡಿಸಿ, ವಾಡಿಕೆಯಂತೆ ಬೋಳನ ಕಣ್ಣಿಗೆ ಬಟ್ಟೆ ಕಟ್ಟಿದಳು. ಬೋಳ ಸುತ್ತಿದ, ಚಕ್ರ ತಿರುಗಿತು, ದೋಣಿ ಸೆಳವನ್ನು ಸೀಳಿಕೊಂಡು ಹೊರಟಿತು.

ಮೊದಲು ಬೆಂಕಿ ಕಾರುವ ಮೊಸಳೆ ಎದ್ದಿತು. ಚುಕ್ಕಾಣಿ ಹಿಡಿದಿದ್ದ ಅಜ್ಜ ಅದನ್ನು ಬಿಡದೆ ಉಪ್ಪಿನ ಮೂಟೆಗಳ ಹಿಂದೆ ಮುಖ ಮರೆಸಿಕೊಂಡ. ಬೋಳ ಸುತ್ತುತ್ತಲೇ ಇದ್ದ. ದೋಣಿ ಮೊಸಳೆಯ ಹೊಟ್ಟೆಯೊಳಗೇ ಹಾದುಹೋಯಿತು.

ಆಮೇಲೆ ಹೊಳೆಗೆ ಅಡ್ಡವಾಗಿ ಬೆಟ್ಟ ಎದ್ದಿತು. ಬೋಳ ಸುತ್ತುತ್ತಲೇ ಇದ್ದ. ಬೆಟ್ಟವೂ ಹೊಗೆಯಾಯಿತು.

ಮೂರನೆಯ ಸಲ ಸಾತವ್ವನೇ ಮುಳುಗುತ್ತಾ ಕಂಡಳು. "ಹಿಂದಕ್ಕೆ ತಿರುಗೇ!" ಎಂದು ಕೂಗಿದಂತಾಯಿತು. ಬೋಳನನ್ನು ನಿಲ್ಲಿಸಲು ಕೈ ಚಾಚಿದ ಕೆಂಚವ್ವ ಅವನ ಕಿವಿ ನೋಡಿದಳು. ಅವನನ್ನು ಕರುವಾಗಿದ್ದಾಗಿನಿಂದ ಸಾಕಿದ್ದು ಸಾತವ್ವ. ಅವಳ ದನಿ ಕೇಳಿದರೆ ಸಾಕು, ಕಿವಿ ನಿಮಿರುತ್ತಿದ್ದವು. ಈಗ ಜೋತೇ ಇದ್ದವು.

"ನೀನು ನಮ್ಮಕ್ಕ ಅಲ್ಲ! ನಡಿಯೋ ಬೋಳ!" ಎಂದು ತನ್ನ ಕಣ್ಣಿಗೂ ಸೆರಗು ಕಟ್ಟಿಕೊಂಡಳು.

ಧೂಮಕನ ಬಲವೆಲ್ಲ ನೋಡುವವರ ಭಯದಲ್ಲಿತ್ತು. ನೋಡುವವರೇ ಇಲ್ಲದಾಗ ಅವನು ಕುಗ್ಗಿ ಕುಗ್ಗಿ ಕಪ್ಪೆಯಾಗಿ ನೀರಿಗೆ ಬಿದ್ದ. ಚಕ್ರದ ಹಲಗೆ ಅವನನ್ನು ಎತ್ತಿ ಬಂಡೆಯ ಮೇಲೆ ಒಗೆಯಿತು.

ಮೇಲಿನೂರಿನ ದಡ ಮುಟ್ಟುತ್ತಿದ್ದಂತೆ ಬೋಳ ತಟಕ್ಕನೆ ನಿಂತ. ಕಿವಿಗಳೆರಡೂ ನಿಮಿರಿದವು.

"ಯಾರೇ ಅದು? ನನ್ನ ಬೋಳ ಬಂದ್ನೇನೇ?" ದಡದ ಮನೆಯ ಜಗಲಿಯ ಹಾಸಿಗೆಯಿಂದ ಸಣ್ಣ ದನಿ ಕೇಳಿತು. ಕೆಂಚವ್ವ ಕಣ್ಣಿನ ಸೆರಗು ಬಿಚ್ಚಿ ಅಳುತ್ತಾ ಓಡಿದಳು.

ಉಪ್ಪು ಹಾಕಿದ ಗಂಜಿ ಉಂಡು ಸಾತವ್ವ ಚೇತರಿಸಿಕೊಂಡಳು, ಮುದ್ದಾದ ಮಗಳನ್ನು ಹೆತ್ತಳು. ಅಲೆನಾಡಿನ ಹೊಳೆಯ ತುಂಬ ಚಕ್ರದೋಣಿಗಳು ಓಡಾಡಿದವು, ಎರಡೂ ಊರುಗಳು ರುಚಿಯಾಗಿ ಉಂಡು ಸುಖವಾಗಿದ್ದವು. ಬಂಡೆಯ ಮೇಲಿನ ಕಪ್ಪೆ ಮಾತ್ರ ಪ್ರತಿ ದೋಣಿಗೂ ವಟಗುಟ್ಟಿ ಹೆದರಿಸುತ್ತಿತ್ತು. ಬೋಳ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ.