ಕನ್ನಮ್ಮಜ್ಜಿ ಹತ್ತದ ಕಾರು

“ಅಪ್ಪ, ಹೈಟ್ ಇಲ್ದಿದ್ರೆ ಹೊಸ ಟಯರ್ ಹಾಕ್ಸಿದ್ದು ಯಾರಿಗೂ ಗೊತ್ತೇ ಆಗಲ್ಲ,” ಎಂದಳು ದೀಪಶ್ರೀ.

ಹೊಸನಗರದ ಹೂವಯ್ಯನ ಟಯರ್ ಅಂಗಡಿಯಲ್ಲಿ ಅವರ ಕಾರು ಜಾಕ್ ಮೇಲೆ ಒಂದು ಕಾಲೆತ್ತಿಕೊಂಡು ನಿಂತಿತ್ತು. ದೀಪಾ ಐದನೇ ಕ್ಲಾಸು. ಮಗ್ಗಿಯಲ್ಲಿ ಹದಿಮೂರು ದಾಟಿದರೆ ತೊದಲುತ್ತಾಳೆ. ಟಯರಿನ ವಿಷಯ ಕೇಳಿ, ನಿದ್ದೆಯಲ್ಲೂ ಒಪ್ಪಿಸುತ್ತಾಳೆ. ಟಾರ್ ರಸ್ತೆಗಾದರೆ ಎಚ್‌ಟಿ, ಬರೀ ಕೆಸರಿಗಾದರೆ ಎಂಟಿ, ಎರಡಕ್ಕೂ ಆಗಬೇಕು ಅಂದರೆ ಎಟಿ. ಎರಡು ತಿಂಗಳಿಂದ ಅಪ್ಪನೂ ಮಗಳೂ ಊಟದ ತಟ್ಟೆ ಮುಂದಿಟ್ಟುಕೊಂಡು ಇದೇ ವೀಡಿಯೋ ನೋಡಿದ್ದರು.

ಅಪ್ಪ ಯೋಗರಾಜನಿಗೆ ಇರುವುದು ತಾಲ್ಲೂಕು ಆಫೀಸಿನ ಎದುರು ಒಂದು ಜೆರಾಕ್ಸ್ ಅಂಗಡಿ. ಮನೆಯಿಂದ ಇನ್ನೂರು ಹೆಜ್ಜೆ. ಅಲ್ಲಿಗೆ ಹೋಗಲು ಕಾಡು ದಾಟಬೇಕಾ, ಹೊಳೆ ಈಜಬೇಕಾ ಎಂದು ಅಮ್ಮ ಹೇಮಾವತಿ ದಿನಾ ಕೇಳುತ್ತಿದ್ದಳು. ಅಪ್ಪ ಕಿವಿ ಕೇಳದವನ ಹಾಗೆ ಅನ್ನ ಕಲಸುತ್ತಿದ್ದ.

ಆದರೆ ಟಯರಿಗೆ ಒಂದು ನಿಜವಾದ ಕಾರಣವೂ ಇತ್ತು. ಅಪ್ಪನ ತಾಯಿ ಕನ್ನಮ್ಮಜ್ಜಿಯ ಮನೆ ಸಂಪೆಕಟ್ಟೆಯ ಆಚೆ, ಒಂದು ಮಣ್ಣಿನ ಏರಿನ ಬುಡದಲ್ಲಿದೆ. ಹೋದ ತಿಂಗಳ ಮಳೆಯಲ್ಲಿ ಅಜ್ಜಿಯನ್ನು ತೀರ್ಥಹಳ್ಳಿಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ ಕಾರು ಅರ್ಧ ಏರಿ ಅಲ್ಲೇ ಚಕ್ರ ತಿರುಗಿಸುತ್ತ ನಿಂತುಬಿಟ್ಟಿತು. ಹೇಮಾವತಿಯ ಕೈಗೆ ಸ್ಟೇರಿಂಗ್ ಕೊಟ್ಟು ಹಿಂದೆ ನಿಂತು ತಳ್ಳಿದ ಅಪ್ಪನಿಗೆ ತಲೆಯಿಂದ ಕಾಲಿನವರೆಗೆ ಕೆಸರಿನ ಅಭಿಷೇಕ. ಅಜ್ಜಿ ಒಳಗೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಡಾಕ್ಟರು ಎದ್ದುಹೋಗಿದ್ದರು.

ಅಜ್ಜಿಯ ಎಡಗಣ್ಣಿಗೆ ಪೊರೆ ಬಂದಿತ್ತು. ಈ ಶುಕ್ರವಾರ ಆಪರೇಷನ್. ಏರು ಹತ್ತುವ ಟಯರು ಬೇಕೇ ಬೇಕಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಪ್ಪ ನೀರಿನಲ್ಲಿ ಮುಳುಗಿದರೂ ಎಂಜಿನ್ ಉಸಿರಾಡುವ ಸ್ನಾರ್ಕಲ್ ಕೇಳಿದ. ಲಿಂಗನಮಕ್ಕಿ ಡ್ಯಾಮಿನೊಳಗೆ ಕಾರು ಇಳಿಸುವ ಅಂದಾಜಿದೆಯಾ ಎಂದು ಹೂವಯ್ಯ ಕೇಳಿದ. ಕಾರಿನ ಮಾಡಿನ ಮೇಲೆ ಸಾಮಾನು ಕಟ್ಟುವ ಕ್ಯಾರಿಯರ್ ಹಾಕಬಹುದಾ ಅಂದಿದ್ದಕ್ಕೆ, ಏನು ಕಟ್ಟುತ್ತೀರಿ, ಜೆರಾಕ್ಸ್ ಪೇಪರಾ ಎಂದ. ಕಂಪನಿ ಸೈಜಿನ ಎಟಿ ಟಯರ್ ನಾಲ್ಕು, ಬೇರೆ ಏನೂ ಬೇಡ ಎಂದು ಹೂವಯ್ಯ ಖಡಾಖಂಡಿತವಾಗಿ ಹೇಳಿದ.

ಅಪ್ಪ ಒಪ್ಪಿಕೊಂಡೇಬಿಟ್ಟಿದ್ದ. ಆಗಲೇ ದೀಪಾ ಹೈಟಿನ ಮಾತು ತೆಗೆದದ್ದು. ಅವಳ ಕ್ಲಾಸಿನ ಶ್ರೀಶನ ಮಾವನಿಗೆ ನಿಜವಾದ ಜೀಪಿದೆ. ನಮ್ಮ ಕಾರು ನಿಮ್ಮ ಮಾವನ ಜೀಪಿಗಿಂತ ಎತ್ತರ ಆಗ್ತದೆ, ನೋಡ್ತಿರು ಎಂದು ಅವಳು ಇಡೀ ಕ್ಲಾಸಿನ ಎದುರು ಹೇಳಿಯಾಗಿತ್ತು. ಹೇಳಿದ್ದನ್ನು ವಾಪಸ್ ನುಂಗುವುದು ಹೇಗೆ?

ಮಗಳು ಒಂದು ಸಲ ಮುಖ ಊದಿಸಿದ್ದೇ ತಡ, ಅಪ್ಪ ಕರಗಿದ. ಹೂವಯ್ಯ ಗೊಣಗುತ್ತಲೇ ಸ್ಪ್ರಿಂಗುಗಳ ಮೇಲೆ ದಪ್ಪ ಬಿಲ್ಲೆಯಂಥ ಸ್ಪೇಸರ್ ಕೂರಿಸಿದ. ಕಾರು ಎರಡು ಇಂಚು ಮೇಲೆದ್ದಿತು.

ಪೂಜೆ ಆಗಬೇಕಲ್ಲ. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಅಪ್ಪ ಗಂಭೀರವಾಗಿ ಗೇರ್ ಹಾಕಿದ. ಮೂರು ಪಚಕ್ ಎಂದವು. ನಾಲ್ಕನೆಯದು ಹೊಸ ಟಯರಿನ ಹಲ್ಲಿಗೆ ತಾಗಿ, ಚಿಮ್ಮಿ, ರಸ್ತೆ ದಾಟಿ, ಎದುರಿನ ಹೋಟೆಲಿನ ಮೆಟ್ಟಿಲ ಮೇಲೆ ಕೂತಿತು.

“ನಿಂಬೆಹಣ್ಣು ಜೀವ ಉಳಿಸ್ಕೊಂಡಿದ್ದು ನಾ ಇದೇ ಫಸ್ಟ್ ನೋಡಿದ್ದು,” ಎಂದ ಹೂವಯ್ಯ.

ಮರುದಿನ ಅಪ್ಪ ಇನ್ನೂರು ಹೆಜ್ಜೆ ದೂರದ ಅಂಗಡಿಗೆ ಹೋಗುವಾಗ ಊರೆಲ್ಲ ಸುತ್ತಿ, ದೀಪಾಳನ್ನು ಸ್ಕೂಲ್ ಗೇಟಿನಲ್ಲಿ ಇಳಿಸಿದ. ಶ್ರೀಶ ಬಾಗಿ ಕಾರಿನ ಅಡಿ ನೋಡಿದ. ಏನೂ ಹೇಳಲಿಲ್ಲ. ಅವನು ಏನೂ ಹೇಳದೇ ಇದ್ದದ್ದೇ ದೀಪಾಳಿಗೆ ಪರಮಾನಂದವಾಯಿತು.

ಶುಕ್ರವಾರ ಬೆಳಿಗ್ಗೆ ರಜೆ ಹಾಕಿ ಅವಳೂ ಅಪ್ಪನ ಜೊತೆ ಹೊರಟಳು. ಎರಡು ದಿನದಿಂದ ಮಳೆ ಬಿಟ್ಟು ಏರು ಒಣಗಿತ್ತು. ಹಳೆಯ ಟಯರಿಗೂ ಹತ್ತುವಷ್ಟು ಒಣಗಿತ್ತು. ಅಪ್ಪನಿಗೆ ಅದೇ ಬೇಜಾರು.

ಅಜ್ಜಿ ಇಸ್ತ್ರಿ ಸೀರೆ ಉಟ್ಟು, ಕೈಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಕಾರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಬಲಗಾಲು ಎತ್ತಿದಳು. ಅದು ಬಾಗಿಲಿನ ಅಂಚಿಗೆ ಮುಟ್ಟಲಿಲ್ಲ. ಎಡಗಾಲು ಎತ್ತಿದಳು. ಮಂಡಿ ನೋವಿನ ಕಾಲು ಅದು, ಅರ್ಧಕ್ಕೇ ನಿಂತಿತು.

“ಎಂತದಾ ಮಾರಾಯ ಇದು, ಮೊದ್ಲಿನ ಕಾರು ಎಲ್ಲಿ?” ಎಂದಳು ಅಜ್ಜಿ.

ಅಪ್ಪ ಸ್ಟೂಲು ತಂದ. ಅದು ಅಂಗಳದಲ್ಲಿ ಕುಂಟಿತು. ಕುರ್ಚಿ ತಂದ. ಕುರ್ಚಿ ಹತ್ತಲು ಇನ್ನೊಂದು ಸ್ಟೂಲು ಬೇಕಿತ್ತು. ಕೊನೆಗೆ ಎತ್ತಿ ಕೂರಿಸುತ್ತೇನೆ ಎಂದು ತೋಳು ಮಡಚಿದ. ನಾನೇನು ಗೊಬ್ಬರದ ಚೀಲವಾ ಎಂದು ಅಜ್ಜಿ ಕೈಚೀಲದಿಂದಲೇ ಅವನ ಭುಜಕ್ಕೆ ಒಂದು ಕೊಟ್ಟಳು. ಕಣ್ಣು ನೋಡಿದ್ದು ಸಾಕು, ಆಪರೇಷನ್ನೂ ಬ್ಯಾಡ ಎಂತದೂ ಬ್ಯಾಡ ಎಂದು ಒಳಗೆ ಹೋಗಿ, ಇಸ್ತ್ರಿ ಸೀರೆ ಬದಲಾಯಿಸಿ, ಮಜ್ಜಿಗೆ ಕಡೆಯಲು ಕೂತಳು.

ಅಪ್ಪ ಆಸ್ಪತ್ರೆಗೆ ಫೋನ್ ಮಾಡಿದ. ಮುಂದಿನ ಮಂಗಳವಾರ ಬನ್ನಿ, ಅದೂ ತಪ್ಪಿದರೆ ಇನ್ನು ದೀಪಾವಳಿ ಆದ ಮೇಲೆಯೇ ಎಂದರು ಅವರು. ಅಲ್ಲಿಯವರೆಗೆ ಅಜ್ಜಿ ಒಂದೇ ಕಣ್ಣಲ್ಲಿ ಬಾವಿಕಟ್ಟೆಗೆ ಹೋಗಿಬರಬೇಕು.

ವಾಪಸ್ ಬರುವಾಗ ದೀಪಾ ತನ್ನ ಕಾಲನ್ನೇ ಎತ್ತಿ ಎತ್ತಿ ನೋಡಿಕೊಂಡಳು. ಕಾರಿನ ಅಡಿಗೂ ನೆಲಕ್ಕೂ ಎಷ್ಟು ಎಂದು ಅಪ್ಪನೂ ಅವಳೂ ಮಿಲಿಮೀಟರಿನಲ್ಲಿ ಅಳೆದಿದ್ದರು. ಅಜ್ಜಿಯ ಕಾಲು ಎಷ್ಟು ಮೇಲೆ ಬರುತ್ತದೆ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಶನಿವಾರ ಅವಳೇ ಅಪ್ಪನನ್ನು ಹೂವಯ್ಯನ ಅಂಗಡಿಗೆ ಎಳೆದುಕೊಂಡು ಹೋದಳು. ಅಪ್ಪನಿಗೆ ಇನ್ನೂ ಆಸೆ ಹೋಗಿರಲಿಲ್ಲ. ಬಾಗಿಲ ಕೆಳಗೆ ಫುಟ್‌ಬೋರ್ಡ್ ಹಾಕಿಸಿದರೆ ಹೇಗೆ ಎಂದ. ಆ ಏರಿನ ಕಲ್ಲಿಗೆ ಅದು ಒಂದೇ ದಿನಕ್ಕೆ ಕಿತ್ತು ಬರುತ್ತದೆ ಎಂದ ಹೂವಯ್ಯ.

“ಹೂವಯ್ಯಣ್ಣ, ಟಯರ್ ಇರ್ಲಿ. ಹೈಟ್ ತೆಗೀರಿ,” ಎಂದಳು ದೀಪಾ. “ಅದು ನಾನೇ ಹೇಳಿ ಹಾಕ್ಸಿದ್ದು.”

ಹೂವಯ್ಯ ಅಪ್ಪನ ಮುಖ ನೋಡಿದ. ಅಪ್ಪ ಕಾರಿನ ಮುಖ ನೋಡಿದ. ಆಮೇಲೆ ನಿಟ್ಟುಸಿರು ಬಿಟ್ಟು ಆಗಲಿ ಎಂದು ತಲೆಯಾಡಿಸಿದ.

ಸೋಮವಾರ ಶ್ರೀಶ ಮತ್ತೆ ಬಾಗಿ ನೋಡಿದ. ಈ ಸಲ ಅವನಿಗೆ ಹೇಳುವುದು ಬೇಕಾದಷ್ಟಿತ್ತು. ಕಾರು ಒಗೆದು ಹಾಕಿದ್ದಕ್ಕೆ ಕುಗ್ಗಿತಾ ಎಂದು ಕೇಳಿದ, ಇಡೀ ಕ್ಲಾಸು ನಕ್ಕಿತು. ದೀಪಾಳ ಕಿವಿ ಬಿಸಿಯಾಯಿತು. ಹೌದು ಕುಗ್ಗಿತು ಎಂದಷ್ಟೇ ಹೇಳಿ ಅವಳು ಗಣಿತದ ಪುಸ್ತಕ ತೆಗೆದಳು. ಹಾಗೆ ತಾನಾಗಿ ತೆಗೆದದ್ದು ಆ ವರ್ಷದಲ್ಲಿ ಅದೇ ಮೊದಲು.

ಮಂಗಳವಾರ ಬೆಳಿಗ್ಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಏರು ಕೆಂಪು ಪಾಯಸವಾಗಿತ್ತು. ಇಂಥ ದಿನಕ್ಕೇ ಕಾದಿದ್ದ ಅಪ್ಪ ಸ್ಟೇರಿಂಗ್ ಸವರುತ್ತ ಇಳಿದು ಬಂದ. ಮತ್ತೆ ರಜೆ ಹಾಕಿ ಬಂದಿದ್ದ ದೀಪಾ ಕೊಡೆ ಬಿಡಿಸಿ, ಹಿಂದಿನ ಬಾಗಿಲು ತೆಗೆದು, ಅಜ್ಜಿಗೆ ದಾರಿ ಬಿಟ್ಟಳು. ಕಾರು ಮೊದಲಿನಷ್ಟೇ ತಗ್ಗಿಗೆ ಬಂದಿತ್ತು.

ಅಜ್ಜಿ ನೋಡಿದಳು. ಈಗ ತೀರಾ ತಗ್ಗಾಯಿತು, ತಲೆ ತಾಗುತ್ತದೆ ಎಂದಳು. ತಲೆಗೂ ಮಾಡಿಗೂ ಒಂದು ಗೇಣು ಜಾಗವಿತ್ತು. ಹೊಸ ಟಯರಿನ ವಾಸನೆಗೆ ವಾಂತಿ ಬರುತ್ತದೆ ಎಂದಳು. ಟಯರಿದ್ದದ್ದು ಕಾರಿನ ಹೊರಗೆ. ಕೆಂಚಿ ಕೋಳಿ ಬೆಳಿಗ್ಗೆಯಿಂದ ಕಾಣುತ್ತಿಲ್ಲ, ಹುಡುಕದೇ ಹೇಗೆ ಬರಲಿ ಎಂದಳು. ಕೆಂಚಿ ಜಗಲಿಯ ಮೇಲೆ ನಿಂತು ಮೂವರನ್ನೂ ನೋಡುತ್ತಿತ್ತು.

ಅಪ್ಪನ ತಾಳ್ಮೆ ತಪ್ಪಿತು. ನಿನಗೋಸ್ಕರ ಇಷ್ಟೆಲ್ಲ ಮಾಡಿದರೆ ನೀನು ಹೀಗೆ ಆಟ ಆಡುತ್ತೀಯಲ್ಲ ಅವ್ವ ಎಂದು ಶುರು ಮಾಡಿದ. ದೀಪಾಳಿಗೂ ಸಿಟ್ಟು ಬಂತು. ಶ್ರೀಶನ ಕೈಲಿ ಅನ್ನಿಸಿಕೊಂಡದ್ದು ಇದಕ್ಕಾ? ಕೇಳಿಯೇ ಬಿಡೋಣ ಎಂದು ಬಾಯಿ ತೆರೆದಳು.

ಅಷ್ಟರಲ್ಲಿ ಅಜ್ಜಿಯ ಕೈ ಕಂಡಿತು. ಯಾರೋ ಕಿತ್ತುಕೊಳ್ಳಲು ಬಂದ ಹಾಗೆ ಅದು ಪೊರೆಯ ಕಣ್ಣನ್ನು ಮುಚ್ಚಿಕೊಂಡಿತ್ತು.

ಹೋದ ವರ್ಷ ಹಲ್ಲು ಕೀಳಿಸಲು ಹೋಗುವ ದಿನ ದೀಪಾ ತನ್ನ ಚಪ್ಪಲಿ ಕಾಣೆಯಾಗಿದೆ ಎಂದು ಅರ್ಧ ಗಂಟೆ ಮನೆಯೆಲ್ಲ ಹುಡುಕಿಸಿದ್ದಳು. ಅಕ್ಕಿ ಡಬ್ಬದ ಹಿಂದೆ ಅದನ್ನು ಬಚ್ಚಿಟ್ಟವಳು ಅವಳೇ. ಅದು ಇಂದಿಗೂ ಯಾರಿಗೂ ಗೊತ್ತಿಲ್ಲ.

ದೀಪಾ ಬಾಯಿ ಮುಚ್ಚಿಕೊಂಡಳು. ಮುಂದಿನ ಟಯರಿನಲ್ಲಿ ಗಾಳಿ ಕಮ್ಮಿ ಇದ್ದ ಹಾಗಿದೆ, ನೋಡಿ ಬಾ ಎಂದು ಅಪ್ಪನನ್ನು ಆಚೆ ಕಳಿಸಿದಳು. ಟಯರಿನ ಹೆಸರು ಕೇಳಿದ್ದೇ ಅಪ್ಪ ಜಗಳ ಮರೆತು ಅತ್ತ ಓಡಿದ.

“ಅಜ್ಜಿ, ಹೆದ್ರಿಕೆ ಆಗ್ತದಾ?”

“ನಂಗೆಂತ ಹೆದ್ರಿಕೆ,” ಎಂದಳು ಅಜ್ಜಿ. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ, “ಕಣ್ಣಿಗೇ ಕತ್ತರಿ ಹಾಕ್ತಾರಂತೆ ಕಣೆ,” ಎಂದಳು, ಅಪ್ಪನಿಗೆ ಕೇಳಿಸದ ಹಾಗೆ.

ಏನೂ ಆಗಲ್ಲ ಎಂದು ಹೇಳಬಹುದಿತ್ತು. ಆದರೆ ಹಲ್ಲಿನ ದಿನ ಎಲ್ಲರೂ ಅದನ್ನೇ ಹೇಳಿದ್ದರು, ಒಂದು ಚೂರೂ ಉಪಯೋಗಕ್ಕೆ ಬಂದಿರಲಿಲ್ಲ. ದೀಪಾ ತಾನೇ ಮೊದಲು ಹತ್ತಿ, ಆಚೆ ಸರಿದು, ಸೀಟಿನ ಮೇಲೆ ಕೈ ಚಾಚಿದಳು. ಅಜ್ಜಿ ಬಲಗಾಲು ಒಳಗಿಟ್ಟಳು. ಎಡಗಾಲು ತಾನಾಗಿಯೇ ಅದರ ಹಿಂದೆ ಬಂತು.

ಕಾರು ಹೊರಟಿತು. ಅಜ್ಜಿ ದೀಪಾಳ ಬೆರಳುಗಳನ್ನು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ಬಳೆ ಮಣಿಕಟ್ಟಿಗೆ ಒತ್ತುತ್ತಿತ್ತು. ದೀಪಾ ಕೈ ಬಿಡಿಸಿಕೊಳ್ಳಲಿಲ್ಲ. ಡಾಕ್ಟರು ಗಂಡಸಾ ಹೆಂಗಸಾ ಎಂದು ಅಜ್ಜಿ ಕೇಳಿದಳು. ಹೆಂಗಸು, ತುಂಬಾ ಮಾತಾಡ್ತಾರಂತೆ, ನಿನ್ನ ಹಾಗೇ ಎಂದಳು ದೀಪಾ. ಅಜ್ಜಿಗೆ ಅರ್ಧ ನಗು ಬಂತು.

“ಕಂಡ್ರಾ? ಒಂಚೂರು ಜಾರಿದ್ರೆ ಕೇಳಿ,” ಎಂದ ಅಪ್ಪ ಮುಂದಿನಿಂದ, ಹೆಮ್ಮೆಯಿಂದ ಉಬ್ಬಿ.

ದೀಪಾ ತಲೆಯೆತ್ತಿ ಕಿಟಕಿಯಾಚೆ ನೋಡಿದಳು. ಕಾರು ಆಗಲೇ ಟಾರ್ ರಸ್ತೆಯಲ್ಲಿತ್ತು. ಏರು ಯಾವಾಗ ಬಂತು, ಯಾವಾಗ ಮುಗಿಯಿತು, ಅವಳಿಗೆ ಗೊತ್ತೇ ಆಗಿರಲಿಲ್ಲ.