ಬಾಲದ ನಟ್ಟಿನ ಕೆಂಪು ಬೊಟ್ಟು

"ಎಲ್ಲಾ ನಟ್ಟಿಗೂ ಕೆಂಪು ಐತೆ. ಇನ್ನು ಹೊರಡ್ತೀನಿ," ಎನ್ನುತ್ತಾ ಕೃಷ್ಣಮೂರ್ತಿ ಹೆಲ್ಮೆಟ್ ಬಿಗಿದುಕೊಂಡು ವಿಮಾನ ಹತ್ತಿದ.

ವಿಮಾನ ಅಂದರೆ ಒಬ್ಬರೇ ಕೂರುವ ಪುಟ್ಟ ವಿಮಾನ. ಸಿಂಧಘಟ್ಟದ ತನ್ನ ಮರಗೆಲಸದ ಶೆಡ್ಡಿನಲ್ಲಿ ಅವನೇ ಕೈಯಾರೆ ಕಟ್ಟಿದ್ದು. ಲೈಸೆನ್ಸ್ ಇತ್ತು, ಪರ್ಮಿಷನ್ನೂ ಬಂದಿತ್ತು. ಬೋರಯ್ಯನ ಹೊಲದಲ್ಲಿ ಇವತ್ತು ಮೊದಲ ಹಾರಾಟ. ನೋಡಲು ಕಿಕ್ಕೇರಿಯಿಂದಲೂ ಜನ ಬಂದಿದ್ದರು.

ಮಗಳು ವೀಣ ಐದನೇ ಕ್ಲಾಸು. ಅವಳಿಗೂ ಒಂದು ಕೆಲಸವಿತ್ತು. ಅಪ್ಪ ಪ್ರತಿ ನಟ್ಟನ್ನು ಬಿಗಿದು, ಅದು ಕಳಚದಂತೆ ಪಿನ್ ಚುಚ್ಚಿ, ಆಮೇಲೆ ಬೆಂಕಿಕಡ್ಡಿಯಲ್ಲಿ ಕೆಂಪು ಪೇಂಟಿನ ಬೊಟ್ಟು ಇಡುತ್ತಿದ್ದ. ಕೆಂಪು ಇದ್ದರೆ ಕೆಲಸ ಮುಗಿದಿದೆ ಎಂದರ್ಥ. ಕೆಂಪಿಲ್ಲದ ನಟ್ಟು ಉಳಿದಿದೆಯಾ ಎಂದು ವೀಣ ಟಾರ್ಚ್ ಹಿಡಿದು ಹುಡುಕಬೇಕು. ಹೋದ ವಾರ ನೆರಳು ನೋಡಿ "ಬಿರುಕು, ಬಿರುಕು" ಎಂದು ಕೂಗಿ ಎಲ್ಲರೆದುರು ನಗೆಪಾಟಲಾಗಿದ್ದಳು. ಅವತ್ತಿನಿಂದ ಅವಳ ಬಾಯಿಗೆ ಬೀಗ.

ಇವತ್ತೂ ಬಾಲದ ಹಲಗೆಯನ್ನು, ಅದರ ನಟ್ಟನ್ನು ಒಮ್ಮೆ ಮುಟ್ಟಿ ನೋಡಿ ಬಂದಿದ್ದಳು. ಆ ಹಲಗೆ ಮೇಲೆ ಕೆಳಗೆ ಆಡಿದರೇನೇ ವಿಮಾನ ಏರುವುದು, ಇಳಿಯುವುದು. ಈಗ ದೂರದಲ್ಲಿ ಅಜ್ಜಿ ಪುಟ್ಟಲಕ್ಷ್ಮಮ್ಮನ ಪಕ್ಕ ನಿಂತು ಕೈ ನೋಡಿಕೊಂಡಳು. ಬೆರಳ ತುದಿ ಕೆಂಪಾಗಿತ್ತು.

ಒಣಗಿದ ಪೇಂಟು ಕೈಗೆ ಹೇಗೆ ಅಂಟೀತು? ಅಷ್ಟರಲ್ಲಿ ಇಂಜಿನ್ ಗುರ್ರೆಂದಿತು.

"ಅಜ್ಜಿ, ಬೆಳಿಗ್ಗೆ ವಿಮಾನದ ಪೂಜೆಲಿ ಕುಂಕುಮ ಎಲ್ಲೆಲ್ಲಿ ಇಟ್ಟೆ?"

"ಎಲ್ಲಾ ಕಡೀಕೂ ಇಟ್ಟೆ ಕಣವ್ವ. ಹಿಂದ್ಗಡೆ ಒಂದು ನಟ್ಟು ಬರಿದಾಗಿತ್ತು. ಅದ್ನೊಂದ್ಯಾಕೆ ಬುಡೋದು ಅಂತ ಅದ್ಕೂ ಇಟ್ಟೆ."

ವೀಣ ಮತ್ತೆ ಬೆರಳು ನೋಡಿಕೊಂಡಳು. ಇದೂ ಸುಳ್ಳಾದರೆ ಊರೆಲ್ಲ ನಗುತ್ತದೆ. ನಿಜವಾದರೆ? ಅಪ್ಪ ಮೇಲೆ ಹೋದಾಗ ನಟ್ಟು ಕಳಚಿಬಿದ್ದರೆ? ನಗುವವರು ನಗಲಿ. ಅಪ್ಪನಿಗೆ ಕಾಣುವಂತೆ ದೂರದಲ್ಲೇ ನಿಂತು ಎರಡೂ ಕೈ ಬೀಸಿದಳು.

ಇಂಜಿನ್ ನಿಂತಿತು. "ಏನ್ ಮಗ?" ಎಂದ ಅಪ್ಪ.

"ಬಾಲದ ನಟ್ಟಲ್ಲಿರೋದು ಪೇಂಟಲ್ಲ, ಕುಂಕುಮ."

"ಇವಳ್ದು ಸುರುವಾಯ್ತು," ಎಂದು ಬೋರಯ್ಯ ನಕ್ಕ.

ಅಪ್ಪ ಬಾಲದ ಕೆಳಗೆ ಅಂಗಾತ ಮಲಗಿ ಕುಂಕುಮ ಒರೆಸಿದ. ಪಿನ್ನಿನ ತೂತು ಖಾಲಿ. ನಟ್ಟು ಬೆರಳಲ್ಲೇ ತಿರುಗಿತು. ಬೋರಯ್ಯನ ನಗು ಅಲ್ಲೇ ನಿಂತಿತು.

"ನೆನ್ನೆ ಕರೆಂಟ್ ಹೋಯ್ತಲ್ಲ, ಆಗ ಅರ್ಧಕ್ಕೆ ಬುಟ್ಟಿದ್ದು. ಮರ್ತೇಬುಟ್ಟಿದ್ದೆ," ಎಂದ ಅಪ್ಪ. ಅವನ ದನಿ ಸಣ್ಣಗಾಗಿತ್ತು.

"ಚಕ್ರಕ್ಕೆ ಕಡಾಣಿ ಇಲ್ದಿರೋ ಗಾಡಿಗೆ ಪೂಜೆ ಮಾಡ್ಬುಟ್ನಲ್ಲಪ್ಪ," ಎಂದು ಅಜ್ಜಿ ಬಾಯಿಗೆ ಸೆರಗು ಹಿಡಿದಳು.

ಅಪ್ಪ ಮಗಳು ಇಬ್ಬರೂ ಸೇರಿ ಎಲ್ಲಾ ನಟ್ಟನ್ನೂ ಒರೆಸಿ ಮೊದಲಿನಿಂದ ನೋಡಿದರು. ಬಾಲದ ನಟ್ಟನ್ನು ಅಪ್ಪ ಬಿಗಿದು ಪಿನ್ ಚುಚ್ಚಿದ. ಪೇಂಟಿನ ಬೊಟ್ಟನ್ನು ವೀಣಳೇ ಇಟ್ಟಳು.

ಮತ್ತೆ ಇಂಜಿನ್ ಗುರ್ರೆಂದಿತು. ವಿಮಾನ ಓಡಿತು, ಬಾಲದ ಹಲಗೆ ಎದ್ದಿತು, ಚಕ್ರಗಳು ನೆಲ ಬಿಟ್ಟವು. ತೆಂಗಿನ ಸಾಲು ದಾಟಿ ಮೇಲೆ ಮೇಲೆ ಹೋಯಿತು. ಜನ ಶಿಳ್ಳೆ ಹೊಡೆದರು. ಬೋರಯ್ಯ ವೀಣಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದೇ ಕುಣಿದ.

ಅಷ್ಟೆತ್ತರದಿಂದ ಅಪ್ಪ ಕೈ ಬೀಸುವುದು ಕಾಣಿಸಿತು. ವೀಣಳಿಗೆ ಆಗ ಹೊಳೆಯಿತು. ತಾನು ಕೈ ಬೀಸಿದಾಗ ಅಪ್ಪ ಮೊದಲು ಇಂಜಿನ್ ನಿಲ್ಲಿಸಿದ್ದ. ಏನೆಂದು ಕೇಳಿದ್ದು ಆಮೇಲೆ.